ಕುಡಿತ, ರಕ್ತದ ಕಬ್ಬಿಣಾಂಶ ಮತ್ತು ಒಂದು ಕೆಂಪು ಗುಳಿಗೆ

(ಸಿಂಧನೂರಿನಲ್ಲಿ ಸೇರಿದ್ದ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯದ ಪುಸ್ತಕ, ಸಾಲದ ಕಂತು, ಠರಾವಿಗೆ ಸಹಿ, ಇವೆಲ್ಲ ಬೆಳಿಗ್ಗೆಯೇ ಮುಗಿದವು. ಈಗ ಸ್ವಲ್ಪ ಹೊತ್ತು ಒಂದು ಗುಳಿಗೆಯ ವಿಷಯ ಮಾತಾಡೋಣ. ಆಶಾ ಅಕ್ಕ ಮನೆಗೆ ತಂದು ಕೊಡುವ ಕೆಂಪು ಗುಳಿಗೆ. ಅದು ನಿಮ್ಮ ಹೆಸರಿಗೆ ಬರುತ್ತದೆ. ಆದರೆ ಯಾರ ಹೊಟ್ಟೆಗೆ ಹೋಗುತ್ತದೆ?

ಕೆಲವರು ನಗುತ್ತಿದ್ದೀರಿ. ಕೆಲವರು ತಲೆ ಬಗ್ಗಿಸಿದಿರಿ. ನಾವು ಬೈಯುವುದಕ್ಕೆ ಬಂದಿಲ್ಲ, ಒಂದು ಮನೆಯ ಕಥೆ ಹೇಳುತ್ತೇವೆ.

ಕಾಲುವೆ ಪಕ್ಕದ ಒಂದು ಊರು. ನಮ್ಮದೇ ಸಂಘದ ಒಬ್ಬ ತಂಗಿ, ಎರಡನೇ ಹೆರಿಗೆಯಾಗಿ ಮೂರು ತಿಂಗಳಾಗಿತ್ತು. ಗಂಡ ರೈಸ್ ಮಿಲ್ಲಿನಲ್ಲಿ ಹಮಾಲಿ. ದಿನಾ ಕುಡಿತ. ಮೊದಲು ಸಂಜೆಗೆ ಇತ್ತು, ಆಮೇಲೆ ಬೆಳಿಗ್ಗೆ ಕೈ ನಡುಗುತ್ತದೆಂದು ಬೆಳಿಗ್ಗೆಗೂ ಬಂತು. ಒಂದು ದಿನ ನಾವು ಮನೆಗೆ ಹೋದಾಗ ಅಟ್ಟದ ಮೇಲಿನ ಡಬ್ಬಿಯಲ್ಲಿ ಗುಳಿಗೆಯ ಖಾಲಿ ಹಾಳೆಗಳು ಕಂಡವು. ಪರವಾಗಿಲ್ಲ, ತಪ್ಪದೆ ನುಂಗುತ್ತಿದ್ದಾಳೆ ಎಂದು ಸಂತೋಷಪಟ್ಟೆವು. ಆಕೆಯ ಕಣ್ಣಿನ ಒಳರೆಪ್ಪೆ ಎಳೆದು ನೋಡಿದರೆ ಬೆಳ್ಳಗೆ ಕಾಗದದ ಹಾಗಿತ್ತು. ಕೇಳಿದೆವು. ಆಕೆ ಹೇಳಿದ್ದು ಇಷ್ಟು: "ನಾ ಮನ್ಯಾಗ ಇರಾಕಿ ಸಿಸ್ಟರ್. ಅವ್ರು ಚೀಲ ಹೊರೋರು. ಅವ್ರ ಮುಖ ಬೆಳ್ಳಗ ಆಗ್ಯಾದ, ಏಳಾಕ ಆಗವಲ್ದು ಅಂತಾರ. ಅವ್ರ ಮೈಯಾಗ ರಕ್ತ ಇರಬೇಕಲ್ರೀ. ಅದಕ್ಕ ಅವ್ರಿಗೇ ಕೊಟ್ಟೆ."

ಮನೆಯಲ್ಲಿ ಇರುವಾಕೆಯಂತೆ! ಹೆರಿಗೆಯಾಗಿ ಎರಡು ತಿಂಗಳಿಗೇ ನಾಟಿ ಕೆಲಸಕ್ಕೆ ಕೆಸರಿಗೆ ಇಳಿದಿದ್ದಳು.

ಇಲ್ಲಿ ನಮ್ಮದೂ ಒಂದು ತಪ್ಪು ಇದೆ, ಮುಚ್ಚಿಡುವುದಿಲ್ಲ. ಅದಕ್ಕೂ ಹಿಂದೆ ಒಂದು ಸಲ ಆಕೆ "ಅವರಿಗೆ ನಿಶ್ಶಕ್ತಿ" ಎಂದಾಗ, ನಾವೇ "ರಕ್ತ ಆಗೋ ಟಾನಿಕ್ ಕುಡಿಸಮ್ಮ" ಎಂದು ಹೇಳಿ ಬಂದಿದ್ದೆವು. ಸಮಾಜಕಾರ್ಯ ಓದಿದವರು, ಊರೂರು ತಿರುಗಿ ಆರೋಗ್ಯದ ಪಾಠ ಹೇಳುವವರು. ಬಿಳಿಚಿದ ಮುಖ ಕಂಡ ಕೂಡಲೇ ಕಬ್ಬಿಣ ಕಡಿಮೆ ಎಂದು ತೀರ್ಮಾನ ಮಾಡಿಬಿಟ್ಟೆವು. ಆತ ಕುಡಿಯುವವನು ಎಂಬುದನ್ನು ಆ ಲೆಕ್ಕಕ್ಕೆ ಹಿಡಿಯಲೇ ಇಲ್ಲ.

ಇಬ್ಬರನ್ನೂ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಆಕೆಯ ಹಿಮೋಗ್ಲೋಬಿನ್ ಏಳು ಚಿಲ್ಲರೆ. ಹಾಲುಣಿಸುವ ತಾಯಿಗೆ ಕನಿಷ್ಠ 12 ಇರಬೇಕು. ಆತನದು ಹತ್ತರ ಹತ್ತಿರ. ಗಂಡಸಿಗೆ 13 ಇರಬೇಕು, ಅಂದರೆ ಆತನಿಗೂ ರಕ್ತ ಕಡಿಮೆಯೇ. ಆದರೆ ವೈದ್ಯರು ಅಲ್ಲಿಗೇ ಬಿಡದೆ ಫೆರಿಟಿನ್ ಎಂಬ ಇನ್ನೊಂದು ಪರೀಕ್ಷೆ ಬರೆದರು. ದೇಹದ ಉಗ್ರಾಣದಲ್ಲಿ ಎಷ್ಟು ಕಬ್ಬಿಣ ಕೂಡಿಟ್ಟಿದೆ ಎಂದು ಹೇಳುವ ಪರೀಕ್ಷೆ ಅದು. 15ಕ್ಕಿಂತ ಕೆಳಗೆ ಇದ್ದರೆ ಉಗ್ರಾಣ ಖಾಲಿ ಎಂದು ಅರ್ಥ. ಗಂಡಸಿನಲ್ಲಿ 200 ದಾಟಿದರೆ ಹೆಚ್ಚಾಗಿರಬಹುದು, ನೋಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಕೆಯದು ಹತ್ತೂ ಇರಲಿಲ್ಲ. ಆತನದು ಸಾವಿರ ದಾಟಿತ್ತು.

ಒಂದೇ ಮನೆ, ಒಂದೇ ಒಲೆ. ಒಬ್ಬರ ಉಗ್ರಾಣ ತುಂಬಿ ಒಡೆಯುತ್ತಿದೆ, ಇನ್ನೊಬ್ಬರದರಲ್ಲಿ ಕಾಳಿಲ್ಲ. ಇಲ್ಲದಾಕೆ ಇದ್ದವನಿಗೆ ಕೊಡುತ್ತಿದ್ದಾಳೆ.

ಇದು ಹೇಗೆ ಆಗುತ್ತದೆ ಎಂದು ಅರ್ಥ ಮಾಡಿಕೊಳ್ಳಲು ದೊಡ್ಡ ಓದು ಬೇಡ. ನೀವು ಎಡದಂಡೆ ಕಾಲುವೆ ನೋಡಿದವರು. ನಮ್ಮ ದೇಹದಲ್ಲಿ ಒಟ್ಟು ಕಬ್ಬಿಣ ಇರುವುದು ಮೂರರಿಂದ ನಾಲ್ಕು ಗ್ರಾಂ, ಹೆಂಗಸರಲ್ಲಿ ಇನ್ನೂ ಕಡಿಮೆ. ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಹೆಚ್ಚಿನ ಪಾಲು ರಕ್ತದಲ್ಲಿ, ಉಳಿದದ್ದರಲ್ಲಿ ಬಹಳಷ್ಟು ಲಿವರಿನಲ್ಲಿ. ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ ಕರುಳಿನಿಂದ ಒಳಗೆ ಬರುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕುವುದಕ್ಕೆ ದೇಹದಲ್ಲಿ ದಾರಿಯೇ ಇಲ್ಲ, ಉಚ್ಚೆಯಲ್ಲಿ ಹೋಗುವುದಿಲ್ಲ, ಬೆವರಿನಲ್ಲಿ ಹೋಗುವುದು ಲೆಕ್ಕಕ್ಕಿಲ್ಲ. ಅದಕ್ಕೇ ದೇವರು ಒಳಗೆ ಬರುವ ಬಾಗಿಲಲ್ಲೇ ಗೇಟು ಇಟ್ಟಿದ್ದಾನೆ. ಆ ಗೇಟು ಇಳಿಸುವ ಗ್ಯಾಂಗ್‌ಮನ್ ಲಿವರಿನಲ್ಲೇ ಹುಟ್ಟುತ್ತಾನೆ. ಅವನ ಹೆಸರು ಹೆಪ್ಸಿಡಿನ್. ಈ ಶತಮಾನದ ಆರಂಭದಲ್ಲಷ್ಟೇ ವಿಜ್ಞಾನಿಗಳಿಗೆ ಅವನ ಪರಿಚಯವಾಯಿತು. ಉಗ್ರಾಣ ತುಂಬಿದರೆ ಅವನು ಹೆಚ್ಚಾಗಿ ಹುಟ್ಟಿ ಗೇಟು ಇಳಿಸುತ್ತಾನೆ, ಖಾಲಿಯಾದರೆ ಕಡಿಮೆಯಾಗಿ ಗೇಟು ಎತ್ತುತ್ತಾನೆ.

ಕುಡಿತ ಏನು ಮಾಡುತ್ತದೆ? ಈ ಗ್ಯಾಂಗ್‌ಮನ್ನಿಗೇ ಕುಡಿಸಿ ಮಲಗಿಸಿದ ಹಾಗೆ. ದಿನಾ ಹೆಚ್ಚು ಮದ್ಯ ಬೀಳುವ ಲಿವರಿನಲ್ಲಿ ಹೆಪ್ಸಿಡಿನ್ ತಯಾರಾಗುವುದು ಕಡಿಮೆಯಾಗುತ್ತದೆ. ಗೇಟು ತೆರೆದೇ ಇರುತ್ತದೆ. ಉಗ್ರಾಣ ತುಂಬಿದ್ದರೂ ಕಬ್ಬಿಣ ಒಳಗೆ ಹರಿಯುತ್ತಲೇ ಇರುತ್ತದೆ.

ನೀರು ಹೆಚ್ಚಾದರೆ ಹೊಲಕ್ಕೆ ಏನಾಗುತ್ತದೆ ಎಂದು ಕಾಲುವೆಯ ಮೇಲ್ಭಾಗದವರಿಗೆ ನಾವು ಹೇಳಬೇಕಾಗಿಲ್ಲ. ಜವಳು ಹಿಡಿಯುತ್ತದೆ, ಸವಳು ಮೇಲೆ ಬರುತ್ತದೆ, ಒಳ್ಳೆಯ ಎರೆ ಭೂಮಿ ಕೆಡುತ್ತದೆ. ಲಿವರಿನಲ್ಲಿ ಕಬ್ಬಿಣ ಹೆಚ್ಚಾದರೂ ಹಾಗೆಯೇ. ಮದ್ಯ ಒಂದು ಕಡೆ ಸುಡುತ್ತದೆ, ಹೆಚ್ಚಾದ ಕಬ್ಬಿಣ ಆ ಬೆಂಕಿಗೆ ಗಾಳಿ ಹಾಕುತ್ತದೆ. ಎರಡೂ ಸೇರಿದಾಗ ಲಿವರ್ ಗಟ್ಟಿಯಾಗುವುದು ಬೇಗ. ಇನ್ನು ಕೊನೆ ಭಾಗದ ಹೊಲ ಎಂದರೆ ಹೆಂಗಸು. ಆಕೆಯ ಗೇಟು ಪೂರ್ತಿ ಎತ್ತಿಯೇ ಇರುತ್ತದೆ ಪಾಪ, ಆದರೆ ಹರಿದು ಬರುವುದಕ್ಕೆ ನೀರೇ ಇಲ್ಲ.

ಅವತ್ತು ನಾವು ಇದನ್ನೆಲ್ಲ ಸಂಘದ ಸಭೆಯಲ್ಲಿ ಹೇಳುತ್ತಿದ್ದಾಗ ಹಿಂದಿನಿಂದ ಒಬ್ಬ ಅಜ್ಜಿ ಎದ್ದು, "ಹಂಗಾದ್ರ ನಾವೂ ದಿನಾ ಒಂದೀಟು ಕುಡುದ್ರ ರಕ್ತ ಆಗ್ತದೇನ್ರೀ ಸಿಸ್ಟರ್?" ಎಂದಳು. ಸಭೆಯೆಲ್ಲ ನಕ್ಕಿತು. ಆದರೆ ಪ್ರಶ್ನೆ ಒಳ್ಳೆಯದೇ. ಉತ್ತರ ಇಲ್ಲ ಎಂದು. ಉಗ್ರಾಣದಲ್ಲಿ ಅಕ್ಕಿ ಇದ್ದ ಮಾತ್ರಕ್ಕೆ ಅನ್ನ ಆಗುವುದಿಲ್ಲ, ಅಡಿಗೆಯವಳು ಬೇಕು. ರಕ್ತದ ಅಡಿಗೆಮನೆ ಇರುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ಕುಡಿತ ಆ ಅಡಿಗೆಮನೆಯನ್ನೇ ಕೆಡಿಸುತ್ತದೆ. ಸರಿಯಾಗಿ ಉಣ್ಣದೆ ಕುಡಿಯುವವರಿಗೆ ಫೋಲಿಕ್ ಆಮ್ಲ ಎಂಬ ಜೀವಸತ್ವ ಕಡಿಮೆಯಾಗಿ, ಕೆಂಪು ಕಣಗಳು ಉಬ್ಬಿಕೊಂಡು, ಎಣಿಕೆಯಲ್ಲಿ ಕಡಿಮೆ ಹುಟ್ಟುತ್ತವೆ. ಅದಕ್ಕೇ ಆ ಹಮಾಲಿ ಅಣ್ಣನಿಗೆ ಉಗ್ರಾಣದಲ್ಲಿ ಸಾವಿರ ಇದ್ದರೂ ಮುಖ ಬಿಳಿಚಿತ್ತು. ಅವನಿಗೆ ಕಬ್ಬಿಣದ ಗುಳಿಗೆ ಕೊಡುವುದೆಂದರೆ ಜವಳು ಹಿಡಿದ ಗದ್ದೆಗೆ ಮತ್ತೆ ನೀರು ಬಿಟ್ಟ ಹಾಗೆ.

ಒಂದು ಎಚ್ಚರಿಕೆ. ಕುಡಿಯುವವರಿಗೆಲ್ಲ ಕಬ್ಬಿಣ ಹೆಚ್ಚೇ ಇರುತ್ತದೆ ಎಂದಲ್ಲ. ಕೆಲವರಿಗೆ ಹೊಟ್ಟೆಯೊಳಗೆ ಹುಣ್ಣಾಗಿ, ಅನ್ನನಾಳದ ನರ ಉಬ್ಬಿ ಒಡೆದು ರಕ್ತ ಹೋಗುತ್ತದೆ. ಅಂಥವರಿಗೆ ನಿಜವಾಗಿಯೂ ಕಬ್ಬಿಣ ಕಡಿಮೆಯಾಗಿರಬಹುದು. ಡಾಂಬರಿನ ಹಾಗೆ ಕಪ್ಪಗೆ ಮಲ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಹಾಗೆಯೇ ಫೆರಿಟಿನ್ ಏರಿದ್ದೆಲ್ಲ ಕಬ್ಬಿಣವೇ ಎಂದೂ ಹೇಳಲಾಗದು, ಲಿವರ್ ಬಾತರೂ ಅದು ಏರುತ್ತದೆ. ಆದ್ದರಿಂದ ನಾವು ಹೇಳುವುದು ಒಂದೇ: ಕುಡಿಯುವ ಮನುಷ್ಯನಿಗೆ ರಕ್ತ ಪರೀಕ್ಷೆ ಇಲ್ಲದೆ, ವೈದ್ಯರ ಮಾತಿಲ್ಲದೆ, ಕಬ್ಬಿಣದ ಗುಳಿಗೆ, ಟಾನಿಕ್ಕು, ಅಂಗಡಿಯ ಇಂಜೆಕ್ಷನ್ನು ಏನೂ ಬೇಡ.

ಎಷ್ಟು ಕುಡಿದರೆ ಹೆಚ್ಚು ಎಂದು ಕೇಳುತ್ತೀರಿ. ಅಮೆರಿಕದಲ್ಲಿ ಸಾವಿರಾರು ಜನರ ರಕ್ತ ನೋಡಿ ಮಾಡಿದ ಒಂದು ಅಧ್ಯಯನದಲ್ಲಿ, ದಿನಕ್ಕೆ ಎರಡು ಡ್ರಿಂಕ್ ದಾಟಿದವರಲ್ಲಿ ಕಬ್ಬಿಣ ಹೆಚ್ಚಾಗುವುದು ಕಂಡಿತು. ಅವರ ಒಂದು ಡ್ರಿಂಕ್ ಎಂದರೆ 14 ಗ್ರಾಂ ಶುದ್ಧ ಮದ್ಯ. ನಮ್ಮ ಅಂಗಡಿಯ 90 ಎಂ.ಎಲ್. ವಿಸ್ಕಿ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಇರುತ್ತದೆ. ಅಂದರೆ ಒಂದೇ ಪ್ಯಾಕೆಟ್ಟಿಗೆ ಆ ಗೆರೆ ಮುಟ್ಟಿ ದಾಟಿಯಾಯಿತು. "ಬರೇ ಒಂದು ತೊಂಬತ್ತು" ಎನ್ನುವವರಿಗೆ ಈ ಲೆಕ್ಕ ಹೇಳಿ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಅಂಗಡಿ ಮುಚ್ಚಿದ ದಿನ ಊರೂರಲ್ಲಿ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಸಾರಾಯಿ ಹೋಯಿತು, ಪ್ಯಾಕೆಟ್ಟು ಬಂತು. ರಾಯಚೂರು ಜಿಲ್ಲೆಯ ಸಿ.ಎಚ್. ಪೌಡರ್ ಕಲಸಿದ ಸೇಂದಿಯದು ಬೇರೆಯೇ ವಿಷ, ಅದರ ಮಾತು ಇನ್ನೊಂದು ದಿನ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದರು, ನಮ್ಮ ಜಿಲ್ಲೆಯವರೂ ಇದ್ದರು. ಗಾಂಧೀಜಿ ತೀರಿಕೊಂಡ ದಿನಕ್ಕೆ, ಜನವರಿ 30ಕ್ಕೆ, ಬೆಂಗಳೂರು ಮುಟ್ಟಿದರು. ಆ ನಡೆದವರಲ್ಲಿ ಎಷ್ಟು ಜನರ ಹಿಮೋಗ್ಲೋಬಿನ್ ಹತ್ತರ ಮೇಲಿತ್ತೋ ಎಂದು ನಮಗೆ ಈಗಲೂ ಅನಿಸುತ್ತದೆ.

ಈಗ ಒಳ್ಳೆಯ ಸುದ್ದಿ. ಗೇಟು ಮತ್ತೆ ಇಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಿತ್ತು ಕೊಚ್ಚಿಕೊಂಡು ಹೋದದ್ದು ನಿಮಗೆಲ್ಲ ನೆನಪಿದೆ. ಎರಡನೇ ಬೆಳೆ ಹೋಯಿತು ಎಂದು ಊರೆಲ್ಲ ತಲೆ ಮೇಲೆ ಕೈಹೊತ್ತು ಕೂತಿತ್ತು. ಹರಿಯುವ ನೀರಿನಲ್ಲೇ ಕಬ್ಬಿಣದ ತಡೆಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದಲ್ಲಿ ನಿಲ್ಲಿಸಿದರು. ಕುಡಿತ ಬಿಟ್ಟಾಗ ಲಿವರ್ ಮಾಡುವುದೂ ಹೀಗೆಯೇ. ಗ್ಯಾಂಗ್‌ಮನ್ ಎಚ್ಚರಗೊಳ್ಳುತ್ತಾನೆ. ಫೆರಿಟಿನ್ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ, ಮೊದಲು ಬೇಗ, ಆಮೇಲೆ ನಿಧಾನ. ಕೆಂಪು ಕಣಗಳು ಸರಿಯಾಗಲು ಮೂರು ನಾಲ್ಕು ತಿಂಗಳು ಬೇಕು, ಯಾಕೆಂದರೆ ಒಂದು ಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಕಣಗಳು ಹೋಗಿ ಹೊಸವು ತುಂಬಬೇಕಲ್ಲ. ತಿಂಗಳುಗಟ್ಟಲೆ ಬಿಟ್ಟರೂ ಫೆರಿಟಿನ್ ಇಳಿಯದಿದ್ದರೆ ಬೇರೆ ಕಾರಣ ಇದೆಯೇ ಎಂದು ವೈದ್ಯರು ನೋಡಬೇಕು. ಲಿವರ್ ಪೂರ್ತಿ ಗಟ್ಟಿಯಾಗಿ ಹೊಟ್ಟೆಗೆ ನೀರು ತುಂಬಿದ ಮೇಲೆ ಹಿಂದಕ್ಕೆ ಬರುವುದು ಕಷ್ಟ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆಗಲೂ ಬಿಟ್ಟರೆ ಬದುಕು ಉದ್ದವಾಗುತ್ತದೆ.

ಆದರೆ ಬಿಡಿಸುವುದು ಹೇಗೆ? ಇಲ್ಲಿ ಜೀವದ ಪ್ರಶ್ನೆ ಇದೆ, ಗಮನ ಕೊಟ್ಟು ಕೇಳಿ. ವರ್ಷಗಟ್ಟಲೆ ದಿನಾ ಕುಡಿದವನನ್ನು, ಬೆಳಿಗ್ಗೆ ಕೈ ನಡುಗುವವನನ್ನು, ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನದಲ್ಲಿ ವಿಪರೀತ ಬೆವರು, ಫಿಟ್ಸು, ಇಲ್ಲದ್ದು ಕಾಣುವುದು, ಗೋಡೆಯ ಮೇಲೆ ಹುಳ ಹರಿದಾಡಿದ ಹಾಗೆ ಕೂಗಾಡುವುದು ಬರಬಹುದು. ಅದನ್ನು ಗಾಳಿ ಸೋಂಕು ಎಂದು ಮಂತ್ರಿಸಲು ಒಯ್ಯುತ್ತಾರೆ. ಅದು ಗಾಳಿಯಲ್ಲ, ಮದ್ಯ ಬಿಟ್ಟ ಮಿದುಳಿನ ತಳಮಳ. ಅದರಲ್ಲಿ ಸಾವೂ ಉಂಟು. ವೈದ್ಯರ ಕಣ್ಣೆದುರು ಬಿಡಿಸಿದರೆ ಅದಕ್ಕೆ ಔಷಧ ಇದೆ, ಬಿ-1 ಜೀವಸತ್ವ ಕೊಡುತ್ತಾರೆ, ಸುರಕ್ಷಿತವಾಗಿ ದಾಟಿಸುತ್ತಾರೆ. ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ವ್ಯಸನಕ್ಕೆಂದೇ 14446 ಎಂಬ ಸಂಖ್ಯೆಯೂ ಇದೆ.

ಇನ್ನೊಂದು ಮಾತು. ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಪುಡಿ ಕಲಸುವವರು ಇದ್ದೀರಿ, ನಮಗೆ ಗೊತ್ತು. ಬೇಡ ತಾಯಿ. ಅಂಥ ಕೆಲವು ಔಷಧಿಗಳ ಮೇಲೆ ಮದ್ಯ ಬಿದ್ದರೆ ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ಔಷಧಿ ತಪ್ಪಲ್ಲ, ಕುಡಿಯುವವನಿಗೆ ತಿಳಿಸದೆ ಕೊಡುವುದು ತಪ್ಪು.

ಈಗ ನಿಮ್ಮ ಪಾಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ. ಗಂಡಸರಲ್ಲಿ ನೂರಕ್ಕೆ ಸುಮಾರು 20. ಈ ಹಾಲಿನಲ್ಲಿ ಪಕ್ಕ ಪಕ್ಕ ಕೂತ ಇಬ್ಬರಲ್ಲಿ ಒಬ್ಬರು ಎಂದು ಹಿಡಿಯಿರಿ. ತಿಂಗಳ ಮುಟ್ಟಿನಲ್ಲಿ ಹತ್ತಿಪ್ಪತ್ತು ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಒಂದು ಬಸಿರಿಗೆ ಸುಮಾರು ಒಂದು ಗ್ರಾಂ ಬೇಕು. ಇಡೀ ದೇಹದಲ್ಲಿ ಇರುವುದೇ ಮೂರು ಗ್ರಾಂ ಎಂದಾಗ ಲೆಕ್ಕ ನೀವೇ ಹಾಕಿ. ಅದಕ್ಕೇ ಸರ್ಕಾರ ಬಸುರಿಗೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೆಂಪು ಗುಳಿಗೆ ಇಟ್ಟಿದೆ. ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಅದು ಮನೆಯ ಗುಳಿಗೆಯಲ್ಲ, ನಿಮ್ಮ ಗುಳಿಗೆ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ನುಂಗಿ. ಮಲ ಕಪ್ಪಾದರೆ ಹೆದರಬೇಡಿ. ಮಕ್ಕಳ ಕೈಗೆ ಮಾತ್ರ ಸಿಗದ ಹಾಗೆ ಇಡಿ, ಮಿಠಾಯಿ ಎಂದು ತಿಂದರೆ ವಿಷ.

ಊಟದ ಮಾತು ಹೇಳಿದರೆ ನಿಮಗೆ ಬೇಸರ, ಆದರೂ ಹೇಳುತ್ತೇವೆ. ಕಾಲುವೆ ಬಂದ ಮೇಲೆ ನಮ್ಮ ತಟ್ಟೆಗೆ ಸೋನಾ ಮಸೂರಿ ಬಂತು, ಸಜ್ಜೆ ರೊಟ್ಟಿ ಹಿಂದೆ ಸರಿಯಿತು. 100 ಗ್ರಾಂ ಸಜ್ಜೆಯಲ್ಲಿ 6 ಮಿಲಿಗ್ರಾಂ ದಾಟಿ ಕಬ್ಬಿಣ ಇದೆ, ಜೋಳದಲ್ಲಿ ಹತ್ತಿರ ಹತ್ತಿರ 4, ಪಾಲಿಶ್ ಅಕ್ಕಿಯಲ್ಲಿ ಒಂದೂ ಇಲ್ಲ. ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಳಕೆ ಮಡಿಕೆಕಾಳು, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಮಾಂಸ ತಿನ್ನುವವರು ಕುರಿಯ ಕಾರ್ಜ ಬಂದ ದಿನ ಅದನ್ನು ಗಂಡಸರ ತಟ್ಟೆಗಷ್ಟೇ ಹಾಕಿ ಮುಗಿಸಬೇಡಿ. ಕಬ್ಬಿಣದ ಬಾಣಲೆಯಲ್ಲಿ ಪಲ್ಯ ಮಾಡಿದರೆ ಸ್ವಲ್ಪ ಕಬ್ಬಿಣ ಅದಕ್ಕೂ ಇಳಿಯುತ್ತದೆ, ಒಳ್ಳೆಯದೇ. ದಕ್ಷಿಣ ಆಫ್ರಿಕಾದ ಕಡೆ ಕಬ್ಬಿಣದ ಡ್ರಮ್ಮಿನಲ್ಲಿ ಮನೆಯಲ್ಲೇ ಬಿಯರ್ ಮಾಡಿ ದಿನಾ ಕುಡಿದ ಜನರ ಲಿವರಿನಲ್ಲಿ ಕಬ್ಬಿಣ ತುಂಬಿದ್ದನ್ನು ವೈದ್ಯರು 1929ರಲ್ಲೇ ಗುರುತಿಸಿದ್ದರು. ಪಾತ್ರೆ ಅದೇ ಕಬ್ಬಿಣದ್ದು, ಒಳಗೆ ಏನು ಬೇಯುತ್ತಿದೆ ಎಂಬುದು ನೋಡಬೇಕು.

ಆ ಮನೆಯ ಕಥೆ ಏನಾಯಿತು ಎಂದು ಕೇಳುತ್ತಿದ್ದೀರಿ. ಗುಳಿಗೆಯ ಹಾಳೆಯನ್ನು ಆಕೆ ಅಟ್ಟದಿಂದ ಇಳಿಸಿ ಸಂಘದ ಪ್ರತಿನಿಧಿಯ ಮನೆಯಲ್ಲಿ ಇಟ್ಟಳು. ದಿನಾ ಸಂಜೆ ಅಲ್ಲಿಗೆ ಹೋಗಿ, ಅವರೆದುರೇ ನುಂಗಿ ಬರುತ್ತಿದ್ದಳು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ ಹನ್ನೊಂದರ ಹತ್ತಿರ ಬಂತು. ಆತನನ್ನು ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟು ಬಿಡಿಸಿದರು. ಒಂದೂವರೆ ತಿಂಗಳಿಗೆ ಮತ್ತೆ ನೋಡಿದಾಗ ಆತನ ಫೆರಿಟಿನ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಗುಳಿಗೆ ಇಲ್ಲದೆಯೇ, ಟಾನಿಕ್ ಇಲ್ಲದೆಯೇ ಮುಖಕ್ಕೆ ಬಣ್ಣ ಬರತೊಡಗಿತ್ತು. ಆ ಚೀಟಿಯನ್ನು ಆತ ಅಂಗಿ ಕಿಸೆಯಲ್ಲಿ ಇಟ್ಟುಕೊಂಡು ಮಿಲ್ಲಿನವರಿಗೆಲ್ಲ ತೋರಿಸಿದನಂತೆ. ಆಮೇಲೆ ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಗೆಳೆಯರ ಜೊತೆ ಹೋದವನು ಮೂರು ದಿನ ಮನೆಗೆ ಬರಲಿಲ್ಲ. ಬಂದಾಗ ಮೊದಲಿನ ಹಾಗೆಯೇ ಇದ್ದ.

ಆಕೆ ಅಳುತ್ತಾ ನಮ್ಮ ಹತ್ತಿರ ಬಂದಳು. ನಾವು ಏನೂ ಉಪದೇಶ ಮಾಡಲಿಲ್ಲ. ಒಂದೇ ಕೇಳಿದೆವು, ಇವತ್ತಿನ ಗುಳಿಗೆ ನುಂಗಿದೆಯಾ ಎಂದು. ನುಂಗಿದ್ದೇನೆ ಎಂದಳು. ಆತ ಹೋಳಿ ಹುಣ್ಣಿಮೆ ಕಳೆದ ಮೇಲೆ ತಾನಾಗಿಯೇ ಎರಡನೇ ಸಲ ಆಸ್ಪತ್ರೆಗೆ ಹೋಗಿ ಸೇರಿದ. ಈಗ ಐದು ತಿಂಗಳಾಯಿತು, ಮುಟ್ಟಿಲ್ಲ. ನಾಳೆ ಏನೋ ನಮಗೆ ತಿಳಿಯದು, ಪ್ರಾರ್ಥನೆಯಲ್ಲಿ ಇಬ್ಬರ ಹೆಸರನ್ನೂ ಇಟ್ಟಿದ್ದೇವೆ.

ಸರಿ, ಹೊರಗಿನ ಪಡಸಾಲೆಯಲ್ಲಿ ಲ್ಯಾಬಿನವರು ಬಂದು ಕೂತಿದ್ದಾರೆ. ಸಂಘದ ಹೆಸರಿನ ಪ್ರಕಾರ ಒಂದೊಂದು ಸಾಲಾಗಿ ಹೋಗಿ, ಬೆರಳಿಗೆ ಒಂದು ಚುಚ್ಚು ಅಷ್ಟೇ. ಬಾಣಂತಿಯರು, ಬಸುರಿಯರು ಮೊದಲು. ಚಹಾ ಆಗಿದೆ ಎಂದು ಅಡಿಗೆಮನೆಯಿಂದ ಹೇಳಿ ಕಳಿಸಿದ್ದಾರೆ, ಆದರೆ ಈಗಷ್ಟೇ ಊಟ ಮಾಡಿದ್ದೀರಿ. ಊಟದ ಬೆನ್ನಿಗೇ ಚಹಾ ಬಿದ್ದರೆ ಉಂಡ ಕಬ್ಬಿಣವನ್ನು ಅದು ಹಿಡಿದು ನಿಲ್ಲಿಸುತ್ತದೆ. ಒಂದು ತಾಸು ತಡೆಯಿರಿ, ಪರೀಕ್ಷೆ ಮುಗಿಸಿಕೊಂಡು ಬನ್ನಿ, ಬಿಸಿ ಮಾಡಿ ಕೊಡುತ್ತೇವೆ.